ಪಂಚಾಯ್ತಿಗೆ ಅಧಿಕಾರ ಕೊಟ್ಟವರು ಯಾರು, ಹಿಡಿದಿಟ್ಟುಕೊಂಡವರು ಯಾರು? ರಿಪ್ಪನ್ ಕಾಲದಿಂದ ನಜೀರ್ ಸಾಬರವರೆಗೆ, ಅಲ್ಲಿಂದ ಈಚೆಗೆ

ಹಳೇಕಡತ

ನಮ್ಮ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದ್ದು ಎಲ್ಲರಿಗೂ ಗೊತ್ತು. ಈ ವಿಷಯ ಎತ್ತಿದಾಗಲೆಲ್ಲ ಎರಡು ಮಾತು ಕಿವಿಗೆ ಬೀಳುತ್ತವೆ. "ಪಂಚಾಯ್ತಿ ಬ್ರಿಟಿಷರು ತಂದದ್ದು, ನಮ್ಮ ಜನಕ್ಕೆ ಒಗ್ಗಲಿಲ್ಲ" ಅನ್ನುವುದು ಒಂದು. "ಹಿಂದೆ ಒಂದೊಂದು ಹಳ್ಳಿಯೂ ತನ್ನನ್ನು ತಾನೇ ಆಳಿಕೊಳ್ಳುತ್ತಿತ್ತು, ಕೆಡಿಸಿದ್ದು ಬ್ರಿಟಿಷರು" ಅನ್ನುವುದು ಇನ್ನೊಂದು. ಎರಡನ್ನೂ ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಓದಿ ತಿಳಿದದ್ದನ್ನು ಇಲ್ಲಿಡುತ್ತೇನೆ, ಗೊತ್ತಿದ್ದವರು ಸೇರಿಸಿ.

1857ರ ದಂಗೆ ಅಡಗಿಸುವಷ್ಟರಲ್ಲಿ ಬ್ರಿಟಿಷ್ ಸರ್ಕಾರದ ಬೊಕ್ಕಸ ಸಾಲದಲ್ಲಿತ್ತು. 1870ರಲ್ಲಿ ವೈಸ್‌ರಾಯ್ ಮೇಯೋ ಶಿಕ್ಷಣ, ಆಸ್ಪತ್ರೆ, ರಸ್ತೆ, ಪೊಲೀಸ್ ಮುಂತಾದ ಬಾಬತ್ತುಗಳನ್ನು ಪ್ರಾಂತ್ಯಗಳಿಗೆ ವಹಿಸಿದ. ಜತೆಗೆ ಒಂದು ನಿಗದಿತ ಮೊತ್ತ ಕೊಟ್ಟು, ಸಾಲದೇ ಹೋದರೆ ಸ್ಥಳೀಯವಾಗಿ ತೆರಿಗೆ ಎತ್ತಿಕೊಳ್ಳಿ ಅಂದ. ಸ್ಥಳೀಯ ಸಂಸ್ಥೆಗಳು ಬೆಳೆಯಲಿ ಎಂಬ ಮಾತು ಆ ನಿರ್ಣಯದಲ್ಲೂ ಇದೆ, ಆದರೆ ಒಳಗಿನ ಒತ್ತಡ ಹಣದ್ದು. ಖರ್ಚನ್ನು ಕೆಳಕ್ಕೆ ಇಳಿಸಿ ಹಿಡಿತವನ್ನು ಮೇಲೇ ಇಟ್ಟುಕೊಂಡರು.

12 ವರ್ಷದ ಮೇಲೆ, 1882ರ ಮೇ 18ರಂದು ವೈಸ್‌ರಾಯ್ ರಿಪ್ಪನ್ ಹೊರಡಿಸಿದ ನಿರ್ಣಯದ ಧಾಟಿಯೇ ಬೇರೆ. ಆಡಳಿತ ಸುಧಾರಿಸಲಿ ಎಂಬುದಕ್ಕಿಂತ ಹೆಚ್ಚಾಗಿ ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂದು ಈ ಕೆಲಸಕ್ಕೆ ಕೈ ಹಾಕಿದ್ದೇನೆ ಎಂದು ಅವನು ನೇರವಾಗಿ ಬರೆದ. ಸ್ಥಳೀಯ ಬೋರ್ಡುಗಳಲ್ಲಿ ಮೂರನೇ ಎರಡರಷ್ಟು ಮಂದಿ ಸರ್ಕಾರಿ ನೌಕರರಲ್ಲದವರು ಇರಬೇಕು, ಆದಷ್ಟು ಕಡೆ ಅಧ್ಯಕ್ಷರೂ ಹೊರಗಿನವರೇ ಆಗಬೇಕು, ಸರ್ಕಾರ ಹೊರಗೆ ನಿಂತು ನೋಡಿಕೊಳ್ಳಬೇಕು ಎಂದ. ನಿರ್ಣಯ ಚೆನ್ನಾಗಿಯೇ ಇತ್ತು. ಜಾರಿ ಮಾಡಬೇಕಾದವರು ಮಾತ್ರ ಅದೇ ಕಲೆಕ್ಟರುಗಳು. ಮುಂದೆ ದಶಕಗಳ ಕಾಲ ಜಿಲ್ಲಾ ಬೋರ್ಡಿನ ಅಧ್ಯಕ್ಷರ ಕುರ್ಚಿಯಲ್ಲಿ ಬಹುಪಾಲು ಕಡೆ ಕಲೆಕ್ಟರೇ ಕೂತ.

ನನ್ನ ಮಾತು ಇಷ್ಟೆ: ಆ ಕುರ್ಚಿಯಿಂದ ಕಲೆಕ್ಟರನ್ನು ಎಬ್ಬಿಸುವ ಕೆಲಸ ಈ ದೇಶದಲ್ಲಿ ಇನ್ನೂ ಪೂರ್ತಿಯಾಗಿಲ್ಲ. ಯಾವ ಸುಧಾರಣೆಯನ್ನೇ ಆಗಲಿ ನಾನು ಮೂರು ಪ್ರಶ್ನೆ ಹಿಡಿದು ನೋಡುತ್ತೇನೆ. ನೌಕರ ಯಾರ ಮಾತು ಕೇಳಬೇಕು? ದುಡ್ಡಿನ ಮೇಲೆ ಯಾರ ಸಹಿ ನಡೆಯುತ್ತದೆ? ಮುಂದಿನ ಚುನಾವಣೆ ಯಾವಾಗ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಬೆಳ್ವಲ

ಸರ, ನೀವು ಬರದದ್ದು ಖರೆ ಐತಿ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಸೀಮಿ ಎಲ್ಲಾ ಆಗ ಮುಂಬೈ ಪ್ರಾಂತ್ಯದಾಗ ಇದ್ವು. ಅಲ್ಲಿ ಭೂಕಂದಾಯದ ಪ್ರತಿ ರೂಪಾಯಿ ಮ್ಯಾಲೆ ಒಂದಾಣೆ 'ಲೋಕಲ್ ಫಂಡ್' ಅಂತ ಹೆಚ್ಚಿಗಿ ವಸೂಲ್ ಮಾಡತಿದ್ರು. 1869ರಾಗ ಅದಕ್ಕಂತನ ಒಂದು ಕಾಯ್ದೆ ಆತು. ಆಣೆ ಕೊಟ್ಟಾಂವ ರೈತ. ಆ ಹಣದಾಗ ಯಾವ ರಸ್ತಾ ಮಾಡಬೇಕು, ಎಲ್ಲಿ ಸಾಲಿ ಕಟ್ಟಬೇಕು ಅಂತ ಹೇಳೋ ಕಮಿಟಿಯೊಳಗ ಕೂತಾವ್ರು ಕಲೆಕ್ಟರ ಸಾಹೇಬ, ಅವನ ಕೈಯಾಗಿನ ಅಧಿಕಾರಿಗಳು, ಮತ್ತ ಅವನ ನೇಮಿಸಿದ ಇನಾಮದಾರ್ರು.

ಇನ್ನ ಹಿಂದಿನ ಮಾತು. ನಮ್ಮ ಲಕ್ಷ್ಮೇಶ್ವರದಾಗ ಕ್ರಿ.ಶ. 725ರ ಸುಮಾರಿನ ಶಾಸನ ಐತಿ, ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಹಾಕಿಸಿದ್ದು. ಪುರಿಗೆರೆ ಅಂದ್ರ ಲಕ್ಷ್ಮೇಶ್ವರದ ಹಳೇ ಹೆಸರು; ಅಲ್ಲಿನ ಮಹಾಜನರು, ನಗರದವರು, ಹದಿನೆಂಟು ಪ್ರಕೃತಿ (ಹದಿನೆಂಟು ವರ್ಗದ ಜನ) ಇವರಿಗೆ ಕೊಟ್ಟ 'ಆಚಾರ ವ್ಯವಸ್ಥೆ' ಅದರೊಳಗ ಐತಿ. ರಾಜನ ಅಧಿಕಾರಿಗಳು ಏನು ಕಾಪಾಡಬೇಕು, ಮನಿಮನಿಯಿಂದ ಎಷ್ಟು ತೆರಿಗಿ ಬರಬೇಕು, ಶ್ರೇಣಿಗೆ (ಕಸುಬಿನವರ ಸಂಘಕ್ಕ) ಏನು ಸಲ್ಲಬೇಕು ಎಲ್ಲಾ ಕಲ್ಲಿನ ಮ್ಯಾಲೆ ಕೆತ್ತ್ಯಾರ. ರಾಜ ಮತ್ತ ಊರು ಇಬ್ಬರಿಗೂ ಕಟ್ಟಳೆ ಹಾಕಿದ ಕಾಗದ ಅಂದ್ರೂ ನಡೀತದ. ಅದಕ್ಕ 'ಎಲ್ಲಾ ಬ್ರಿಟಿಷರಿಂದ ಬಂತು' ಅನ್ನಾವ್ರು ಒಮ್ಮೆ ಲಕ್ಷ್ಮೇಶ್ವರಕ್ಕ ಬರ್ರಿ.

ಊರಾಚೆಮನೆ

ಬೆಳ್ವಲ ಸರ್, ಆ ಶಾಸನದ ಬಗ್ಗೆ ನನಗೂ ಗೌರವ ಇದೆ. ಆದರೆ ಆ 'ಮಹಾಜನರು' ಅನ್ನುವುದರಲ್ಲಿ ಯಾರಿದ್ದರು ಅಂತ ಕೇಳಬೇಕಾದವರು ನಾವು. ಎಲ್ಲರೂ ಉದಾಹರಣೆಗೆ ಎಳೆದು ತರುವ ತಮಿಳುನಾಡಿನ ಉತ್ತರಮೇರೂರು ಶಾಸನವನ್ನೇ ನೋಡಿ. 10ನೇ ಶತಮಾನ, ಪರಾಂತಕ ಚೋಳನ ಕಾಲ. ಓಲೆಗರಿಯಲ್ಲಿ ಹೆಸರು ಬರೆದು ಕೊಡದಲ್ಲಿ ಹಾಕಿ ಹುಡುಗನೊಬ್ಬನ ಕೈಲಿ ಎತ್ತಿಸುತ್ತಿದ್ದರು ಅಂತ ಪಠ್ಯಪುಸ್ತಕದಲ್ಲಿ ಓದುತ್ತೇವೆ. ಆ ಕೊಡದಲ್ಲಿ ಹೆಸರು ಬೀಳಬೇಕಾದರೆ ಸ್ವಂತ ಜಮೀನು ಬೇಕು, ಸ್ವಂತ ನಿವೇಶನದಲ್ಲಿ ಮನೆ ಬೇಕು, ವೇದ ಮಂತ್ರ ಬರಬೇಕು. ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಜಮೀನು ಉತ್ತವನಿಗಾಗಲಿ, ಚರಂಡಿ ತೆಗೆದವನಿಗಾಗಲಿ ಆ ಕೊಡ ಮುಟ್ಟುವ ಹಕ್ಕೂ ಇರಲಿಲ್ಲ.

ಬಾಬಾಸಾಹೇಬರು 1932ರಲ್ಲಿ ಮುಂಬೈ ಶಾಸನ ಮಂಡಳಿಯಲ್ಲಿ ಗ್ರಾಮ ಪಂಚಾಯ್ತಿ ಮಸೂದೆ ಬಂದಾಗ, ದಲಿತರಿಗೆ ಪ್ರತ್ಯೇಕವಾಗಿ ಸ್ಥಾನ ಮೀಸಲಿಡದೆ ಪಂಚಾಯ್ತಿಗೆ ಅಧಿಕಾರ ಕೊಡುವುದನ್ನು ವಿರೋಧಿಸಿದರು. ಅದರಲ್ಲೂ ನ್ಯಾಯ ತೀರ್ಮಾನ ಮಾಡುವ ಅಧಿಕಾರವನ್ನು. ಜಾತಿಯಿಂದ ಒಡೆದ ಊರಿನಲ್ಲಿ ಪಂಚರು ಯಾರ ಪರ ತೀರ್ಪು ಕೊಡುತ್ತಾರೆ ಅಂತ ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಹೇಳುತ್ತಿದ್ದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಮನಸ್ಸಿನ ಗುಹೆ ಅಂತ ಅವರು ಹೇಳಿದ ಮಾತನ್ನು ಇವತ್ತಿಗೂ ಅನೇಕರು 'ಸಿಟ್ಟಿನಲ್ಲಿ ಆಡಿದ್ದು' ಅನ್ನುತ್ತಾರೆ. ಅವರು ಆಡಿದ್ದು ಅನುಭವದಿಂದ.

ಹಳೇಕಡತ ಸರ್, ನಿಮ್ಮ ಮೂರು ಪ್ರಶ್ನೆಗೆ ನಾಲ್ಕನೆಯದೊಂದು ಸೇರಿಸಿ. ಸಭೆಯಲ್ಲಿ ಕುರ್ಚಿ ಯಾರಿಗೆ ಸಿಗುತ್ತದೆ?

ಹಳೇಕಡತ

ಸೇರಿಸಿದೆ. ಅದು ಮೊದಲನೆಯದೇ ಆಗಬೇಕಿತ್ತು.

ಹಳ್ಳಿ ತನ್ನನ್ನು ತಾನೇ ಆಳಿಕೊಳ್ಳುವ 'ಪುಟ್ಟ ಗಣರಾಜ್ಯ' ಎಂಬ ಮಾತು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಿಬಿಡುತ್ತೇನೆ. 1830ರ ಸುಮಾರಿಗೆ ಚಾರ್ಲ್ಸ್ ಮೆಟ್‌ಕಾಫ್ ಎಂಬ ಬ್ರಿಟಿಷ್ ಅಧಿಕಾರಿ ಬರೆದ ಟಿಪ್ಪಣಿ ಅದು. ಹಳ್ಳಿಗಳು ತಮಗೆ ಬೇಕಾದದ್ದನ್ನೆಲ್ಲ ತಾವೇ ಇಟ್ಟುಕೊಂಡ ಪುಟ್ಟ ಗಣರಾಜ್ಯಗಳು, ಒಂದರ ಹಿಂದೊಂದು ರಾಜವಂಶ ಬಿದ್ದರೂ ಹಳ್ಳಿ ಹಾಗೇ ಉಳಿಯುತ್ತದೆ ಎಂದು ಅವನು ಬರೆದದ್ದು ಕಂದಾಯವನ್ನು ರೈತನೊಬ್ಬೊಬ್ಬನಿಂದ ಎತ್ತಬೇಕೋ ಇಡೀ ಹಳ್ಳಿಯಿಂದ ಎತ್ತಬೇಕೋ ಎಂಬ ಚರ್ಚೆಯ ನಡುವೆ. ಅಂದರೆ ಅದೊಂದು ವಸೂಲಿ ವಾದ. ಮುಂದೆ ಅದನ್ನೇ ನಮ್ಮ ರಾಷ್ಟ್ರೀಯವಾದಿಗಳು ಹೆಮ್ಮೆಯಿಂದ ಎತ್ತಿಕೊಂಡರು. ಅಂಬೇಡ್ಕರ್ ತಮ್ಮ ಭಾಷಣದಲ್ಲಿ ಮೆಟ್‌ಕಾಫನ ಹೆಸರು ಹಿಡಿದೇ ಉತ್ತರ ಕೊಟ್ಟರು.

ಸಂವಿಧಾನದ ಕರಡಿನಲ್ಲಿ ಪಂಚಾಯ್ತಿಯ ಸುದ್ದಿಯೇ ಇರಲಿಲ್ಲ. 1948ರ ನವೆಂಬರ್ 22ರಂದು ಕೆ. ಸಂತಾನಂ ತಂದ ತಿದ್ದುಪಡಿಯಿಂದ ಅದು 40ನೇ ವಿಧಿಯಾಗಿ ಸೇರಿತು. ಅಂಬೇಡ್ಕರ್ ಅದನ್ನು ಒಪ್ಪಿಕೊಂಡರು. ಆದರೆ ಸೇರಿದ್ದು ನಿರ್ದೇಶಕ ತತ್ವಗಳ ಸಾಲಿಗೆ, ನ್ಯಾಯಾಲಯದಲ್ಲಿ ಕೇಳಲಾಗದ ಜಾಗಕ್ಕೆ. ಗಾಂಧೀಜಿ ಕೇಳಿದ ಗ್ರಾಮ ಸ್ವರಾಜ್ಯಕ್ಕೂ ಅಂಬೇಡ್ಕರ್ ಕೇಳಿದ ರಕ್ಷಣೆಗೂ ಆಗ ಜಾಗ ಸಿಗಲಿಲ್ಲ. ಎರಡೂ ಒಟ್ಟಿಗೆ ಬರಲು 1993ರಲ್ಲಿ ಜಾರಿಯಾದ ಸಂವಿಧಾನದ 73ನೇ ತಿದ್ದುಪಡಿ ಆಗಬೇಕಾಯಿತು.

ಕಾವೇರಿದಂಡೆ

ಮೈಸೂರು ಸಂಸ್ಥಾನದ್ದನ್ನು ಯಾರೂ ಹೇಳಲಿಲ್ಲವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಸಂಸ್ಥಾನಗಳಲ್ಲಿ ಅಂಥದ್ದು ಮೊದಲು. 1902ರಲ್ಲಿ ಲೋಕಲ್ ಬೋರ್ಡ್ ಕಾಯ್ದೆ ಬಂತು, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಗ್ರಾಮ ಸುಧಾರಣೆಯ ಯೋಜನೆ ಬಂತು, 1926ರಲ್ಲಿ ಗ್ರಾಮ ಪಂಚಾಯ್ತಿ ಕಾಯ್ದೆ ಬಂತು. ಬ್ರಿಟಿಷ್ ಪ್ರಾಂತ್ಯಗಳಿಗಿಂತ ನಮ್ಮದು ಮುಂದಿತ್ತು ಅಂತ ಹೇಳುವುದರಲ್ಲಿ ತಪ್ಪಿಲ್ಲ ಅನ್ನಿಸುತ್ತದೆ.

ಹಳೇಕಡತ

ಹೌದು ಸರ್, ಆದರೆ ಅಲ್ಲೂ ಅಮಲ್ದಾರರ (ತಾಲ್ಲೂಕಿನ ಕಂದಾಯ ಅಧಿಕಾರಿಗಳ) ನೆರಳು ದೊಡ್ಡದಾಗಿಯೇ ಇತ್ತು. ಪ್ರಜಾಪ್ರತಿನಿಧಿ ಸಭೆಯೂ ಮೊದಮೊದಲು ಅಹವಾಲು ಹೇಳಿಕೊಳ್ಳುವ ಜಾಗವೇ ಹೊರತು ತೀರ್ಮಾನ ಮಾಡುವ ಜಾಗವಾಗಿರಲಿಲ್ಲ. ಸುಧಾರಣೆ ಮೇಲಿನಿಂದ ಬಂತು. ಒಳ್ಳೆಯ ದಿವಾನರು ಇದ್ದಷ್ಟು ದಿನ ನಡೆಯಿತು.

1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು, ಒಂದೊಂದು ಸೀಮೆಗೆ ಒಂದೊಂದು ಕಾಯ್ದೆ ಇತ್ತು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಮೂರು ಹಂತದ ವ್ಯವಸ್ಥೆ ಬೇಕೆಂದಿತು. 1959ರ ಅಕ್ಟೋಬರ್ 2ರಂದು ನೆಹರೂ ರಾಜಸ್ಥಾನದ ನಾಗೌರಿನಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಅದೇ ವರ್ಷ ನಮ್ಮಲ್ಲೂ ಎಲ್ಲ ಸೀಮೆಗಳಿಗೂ ಒಂದೇ ಕಾಯ್ದೆ ಬಂತು: ಗ್ರಾಮ ಪಂಚಾಯ್ತಿ, ಅದರ ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಯಲ್ಲಿ ಬರೀ ಸಲಹೆ ಕೊಡುವ ಪರಿಷತ್ತು. ಆ ಪರಿಷತ್ತಿನ ಅಧ್ಯಕ್ಷ ಡೆಪ್ಯುಟಿ ಕಮಿಷನರ್, ಅಂದರೆ ಅದೇ ಕಲೆಕ್ಟರ್! ರಿಪ್ಪನ್ ಎಬ್ಬಿಸಬೇಕೆಂದ ಮನುಷ್ಯ ಸ್ವಾತಂತ್ರ್ಯ ಬಂದು 12 ವರ್ಷವಾದ ಮೇಲೂ ಅಲ್ಲೇ ಕೂತಿದ್ದ. ತಾಲ್ಲೂಕು ಬೋರ್ಡುಗಳಿಗೆ ಚುನಾವಣೆ ಯಾವಾಗ ಮಾಡಬೇಕು ಎಂಬುದು ಸರ್ಕಾರದ ಮನಸ್ಸಿಗೆ ಬಂದ ಹಾಗೆ. ಎರಡು ದಶಕದಲ್ಲಿ ಆದದ್ದು ಬೆರಳೆಣಿಕೆಯಷ್ಟು.

ಓದುಗ್ರಿ

ನಾನು ಪದವಿ ವಿದ್ಯಾರ್ಥಿನಿ. ನಮ್ಮ ರಾಜ್ಯದ 1983ರ ಪಂಚಾಯ್ತಿ ಕಾಯ್ದೆ ಅಂದರೆ ಎಲ್ಲರೂ ಯಾಕೆ ಅಷ್ಟು ಹೊಗಳುತ್ತಾರೆ? ನಮಗೆ ಪಾಠದಲ್ಲಿ 73ನೇ ತಿದ್ದುಪಡಿ ಬಗ್ಗೆಯೇ ಹೇಳಿದ್ದು. ಅದಕ್ಕೂ ಮುಂಚೆ ಇಲ್ಲಿ ಏನು ನಡೆದಿತ್ತು?

ನಿವೃತ್ತಮೇಷ್ಟ್ರು

ಮಗಳೇ, ನಾನು ಆಗ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಕಣ್ಣಲ್ಲಿ ಕಂಡದ್ದನ್ನು ಹೇಳುತ್ತೇನೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಗುಂಡ್ಲುಪೇಟೆ ಕಡೆಯ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾದರು. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆಯುತ್ತಿದ್ದರು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಹಲವು ಹಳ್ಳಿ ಸೇರಿದ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ಎರಡೇ ಹಂತ ಸಾಕು ಅಂದಿತ್ತು. ನಜೀರ್ ಸಾಬರು ಆ ದಾರಿ ಹಿಡಿದರು. ಮಸೂದೆಗೆ ರಾಷ್ಟ್ರಪತಿ ಅಂಕಿತ ಬೀಳುವಷ್ಟರಲ್ಲಿ 1985 ಆಯಿತು, ಚುನಾವಣೆ 1987ರ ಜನವರಿಯಲ್ಲಿ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ಇಡೀ ದೇಶದಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಜಿಲ್ಲೆಯಲ್ಲಿ ಆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅದೂ ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರು. ಹಳೇಕಡತ ಅವರು ಹೇಳಿದ ಕುರ್ಚಿಯಿಂದ ಕಲೆಕ್ಟರನ್ನು ಎಬ್ಬಿಸಿದ್ದು ಆವತ್ತು. ಶಾಲೆ, ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಕೃಷಿ ಇಲಾಖೆ ಎಲ್ಲದರ ಜಿಲ್ಲಾ ಕಚೇರಿ ಪರಿಷತ್ತಿನ ಕೆಳಗೆ ಬಂತು.

ನಮ್ಮ ಶಾಲೆಯ ಸಂಗತಿ ಹೇಳುತ್ತೇನೆ. ಅದಕ್ಕೂ ಮುಂಚೆ ಇನ್‌ಸ್ಪೆಕ್ಟರು ಬರುವುದು ವರ್ಷಕ್ಕೊಮ್ಮೆ, ಬರುವ ಸುದ್ದಿ ವಾರ ಮುಂಚೆ ಗೊತ್ತಾಗುತ್ತಿತ್ತು. ಮಂಡಲ ಪಂಚಾಯ್ತಿ ಬಂದ ಮೇಲೆ ನಮ್ಮ ಪ್ರಧಾನರು (ಮಂಡಲದ ಅಧ್ಯಕ್ಷರು) ಬೆಳಗ್ಗೆ ತೋಟಕ್ಕೆ ಹೋಗುವ ದಾರಿಯಲ್ಲೇ ಸೈಕಲ್ ನಿಲ್ಲಿಸಿ ಒಳಗೆ ಬರುತ್ತಿದ್ದರು. ಹಾಜರಿ ಪುಸ್ತಕ ತೆಗೆಸಿ ಸಹಿ ಇಲ್ಲದ ಮನೆಯಲ್ಲಿ ಬೆರಳಿಟ್ಟು, "ಇವರು ಇವತ್ತು ಎಲ್ಲಿ ಮೇಷ್ಟ್ರೇ?" ಅಂತ ಕೇಳುವರು. ಏಳನೇ ಕ್ಲಾಸು ದಾಟದ ಮನುಷ್ಯ. ನಮ್ಮ ಸ್ಟಾಫಿಗೆ ಉರಿದುಹೋಯಿತು. ಓದಿಲ್ಲದವರು ನಮ್ಮನ್ನು ಕೇಳುವುದೇ ಅಂತ ಸಂಘದವರು ಸಭೆ ಸೇರಿದರು. ಪ್ರಧಾನರ ಮಗಳೂ ನಮ್ಮ ಶಾಲೆಯಲ್ಲೇ ಮೂರನೇ ಕ್ಲಾಸಿನಲ್ಲಿದ್ದಳು, ಹಾಗಾಗಿ ಕೇಳುವ ಹಕ್ಕು ಅವರಿಗೆ ಎರಡು ರೀತಿಯಲ್ಲಿ ಇತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ತಡವಾಗಿ ಬರುತ್ತಿದ್ದವರೆಲ್ಲ ಪ್ರಾರ್ಥನೆಗೆ ಮುಂಚೆ ಬರತೊಡಗಿದರು. ಇದು ನಮ್ಮೂರಲ್ಲಿ ಮಾತ್ರ ಆದದ್ದಲ್ಲ. ಕೆ.ಎಸ್. ಕೃಷ್ಣಸ್ವಾಮಿ ಸಮಿತಿ 1989ರಲ್ಲಿ ಕೊಟ್ಟ ಮೌಲ್ಯಮಾಪನ ವರದಿಯಲ್ಲೂ ಶಾಲೆ, ಆಸ್ಪತ್ರೆಗಳ ಹಾಜರಿ ಸುಧಾರಿಸಿದ್ದು ದಾಖಲಾಗಿದೆ.

ಕೊರತೆಯೂ ಇತ್ತು. ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು, ಅದು ಹೆಸರಿಗೆ ಮಾತ್ರ ಇತ್ತು. ಶಾಸಕರಿಗೂ ಜಿಲ್ಲಾ ಪರಿಷತ್ತಿಗೂ ಮೊದಲ ದಿನದಿಂದಲೇ ತಿಕ್ಕಾಟ. ನಜೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. 1989ರ ಕೊನೆಗೆ ಸರ್ಕಾರ ಬದಲಾಯಿತು. 1992ರ ಜನವರಿಗೆ ಅವಧಿ ಮುಗಿದಾಗ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. ಐದು ವರ್ಷ ಕಟ್ಟಿದ್ದನ್ನು ಒಂದು ಆದೇಶದಲ್ಲಿ ಮುಗಿಸಿದರು ನೋಡು. ನನಗೆ ಇವತ್ತಿಗೂ ಅದು ಸಂಕಟದ ವಿಷಯ.

ಓದುಗ್ರಿ

ಧನ್ಯವಾದ ಮೇಷ್ಟ್ರೇ. ಇದನ್ನು ಯಾವ ನೋಟ್ಸಿನಲ್ಲೂ ಓದಿರಲಿಲ್ಲ.

ತೆರಿಗೆಕಟ್ಟುವವ

ಎಲ್ಲರೂ ಪಂಚಾಯ್ತಿಯನ್ನು ದೇವರು ಮಾಡಿದಿರಿ. ನಾನು ಕಂಡ ಪಂಚಾಯ್ತಿಯಲ್ಲಿ ನರೇಗಾ (ಉದ್ಯೋಗ ಖಾತ್ರಿ) ಕೆಲಸಕ್ಕೆ ಜೆಸಿಬಿ ತಂದು ಜಾಬ್ ಕಾರ್ಡಿನ ಹೆಸರಲ್ಲಿ ಬಿಲ್ಲು ಬರೆಯುತ್ತಾರೆ. ಇ-ಸ್ವತ್ತು (ಆಸ್ತಿಯ ದಾಖಲೆ) ಮಾಡಿಸಲು ಹೋದರೆ ಕೈ ಬೆಚ್ಚಗೆ ಮಾಡದೆ ಫೈಲು ಅಲ್ಲಾಡುವುದಿಲ್ಲ. ಚುನಾವಣೆಗೆ ಮುಂಚೆ ಸದಸ್ಯ ಸ್ಥಾನ ಹರಾಜು ಹಾಕುವ ಊರುಗಳಿವೆ, ದೇವಸ್ಥಾನಕ್ಕೆ ದುಡ್ಡು ಕೊಟ್ಟವನು ಅವಿರೋಧ ಆಯ್ಕೆ. ಇಂಥವರ ಕೈಗೆ ಇನ್ನೂ ಹೆಚ್ಚು ಹಣ, ಇನ್ನೂ ಹೆಚ್ಚು ನೌಕರರನ್ನು ಕೊಡಬೇಕಾ? ಒಬ್ಬ ಒಳ್ಳೆಯ ಜಿಲ್ಲಾಧಿಕಾರಿ ಇವರೆಲ್ಲರಿಗಿಂತ ಮೇಲು.

ಮಾಜಿಅಧ್ಯಕ್ಷೆ

ಅಣ್ಣಾ, ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಹರಾಜು ನಾನೂ ಕೇಳಿದ್ದೇನೆ, ಅದು ಅಪರಾಧ. ನಾನು ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾದಾಗ ಅಧ್ಯಕ್ಷೆ ಆದವಳು. ಒಳಗೆ ಕೂತು ನೋಡಿದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ತೂಗಿ.

ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಡಿಜಿಟಲ್ ಸಹಿಯ ಡೋಂಗಲ್. ನಾನೂ ಪಿಡಿಓನೂ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇಬ್ಬರೂ ಒತ್ತದೆ ಹಣ ಹೋಗುವುದಿಲ್ಲ. ಅಧಿಕಾರ ಬಂತು ಅಂದುಕೊಂಡೆ. ಆಮೇಲೆ ಲೆಕ್ಕ ನೋಡಿದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿದ್ದು. ರಾಜ್ಯದಿಂದ ಬರುವ ಶಾಸನಬದ್ಧ ಅನುದಾನದಲ್ಲಿ ಬೀದಿದೀಪ, ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲಿಗೆ ದೊಡ್ಡ ಪಾಲು. ವಾಟರ್‌ಮನ್, ಬಿಲ್ ಕಲೆಕ್ಟರ್, ಕಸದ ಗಾಡಿಯ ಹೆಣ್ಣುಮಕ್ಕಳ ಸಂಬಳ ಕಂದಾಯದ ಹಣದಿಂದ ಹೊಂದಿಸಬೇಕು. ಕಂದಾಯ ಕೇಳಿದರೆ "ನಲ್ಲಿಯಲ್ಲಿ ನೀರು ಬರಲಿ, ಕೊಡ್ತೀವಿ" ಅಂತಾರೆ. ಊರಿನವರು ಗ್ರಾಮಸಭೆಯಲ್ಲಿ ಕೇಳಿದ್ದು ಸ್ಮಶಾನಕ್ಕೆ ದಾರಿ. ಆ ದಾರಿ ನಡುವೆ ಇದ್ದದ್ದು ಕಂದಾಯ ಇಲಾಖೆಯ ಸರ್ವೆ ನಂಬರು. ಅದಕ್ಕೆ ತಹಶೀಲ್ದಾರರ ಕಚೇರಿಗೆ ಅಲೆದು ಅಲೆದು ನನ್ನ ಅರ್ಧ ಅವಧಿ ಹೋಯಿತು.

ಇನ್ನು ನೌಕರರು. ಅಂಗನವಾಡಿ ಮೇಲ್ವಿಚಾರಕಿ, ಶಾಲೆ ಹೆಡ್‌ಮಾಸ್ಟರು, ಆರೋಗ್ಯ ಸಹಾಯಕಿ ಎಲ್ಲರೂ ಗ್ರಾಮಸಭೆಗೆ ಬರಬೇಕು ಅಂತ ನೋಟಿಸ್ ಕಳಿಸುತ್ತೇವೆ. ಬಂದರೆ ಬಂದರು. ಬಾರದಿದ್ದರೆ ನಾನು ಮಾಡಬಹುದಾದದ್ದು ಅವರ ಮೇಲಧಿಕಾರಿಗೆ ಒಂದು ಪತ್ರ. ಮೇಷ್ಟ್ರು ಹೇಳಿದ ಪ್ರಧಾನರು ಹಾಜರಿ ಪುಸ್ತಕ ತೆಗೆಸಿದ ಹಾಗೆ ನಾನು ತೆಗೆಸಲು ಹೋಗಿದ್ದರೆ 'ನಿಮಗೆ ಯಾವ ಅಧಿಕಾರ' ಅಂತ ಕೇಳುತ್ತಿದ್ದರು.

ಮೊದಲ ಸಭೆಯಲ್ಲಿ ನನ್ನ ಗಂಡನಿಗೂ ಒಂದು ಕುರ್ಚಿ ಹಾಕಿಟ್ಟಿದ್ದರು. ನಾನೇ ತೆಗೆಸಿದೆ. ನಮ್ಮ ಮನೆಯವರಿಗೆ ಬೇಜಾರಾಯಿತು, ಹದಿನೈದು ದಿನ ಮಾತಿಲ್ಲ. ಮುಂದೆ ಅವರೇ ಬೈಕಿನಲ್ಲಿ ತಾಲ್ಲೂಕು ಕಚೇರಿಗೆ ಬಿಟ್ಟು ಹೊರಗೆ ಕಾಯುತ್ತಿದ್ದರು. ನಿಮ್ಮ ಒಳ್ಳೆಯ ಜಿಲ್ಲಾಧಿಕಾರಿ ಎರಡು ವರ್ಷಕ್ಕೆ ವರ್ಗ ಆಗುತ್ತಾರೆ ಅಣ್ಣಾ. ನಾನು ಅದೇ ಬೀದಿಯಲ್ಲಿ ಇರುತ್ತೇನೆ. ನಲ್ಲಿ ಬತ್ತಿದರೆ ಜನ ಬಿಂದಿಗೆ ಹಿಡಿದು ಬರುವುದು ನನ್ನ ಮನೆ ಮುಂದಕ್ಕೆ.

ಊರಾಚೆಮನೆ

ಅಕ್ಕಾ, ಆ ಕುರ್ಚಿ ತೆಗೆಸಿದ್ದಕ್ಕೆ ನಿಮಗೆ ನಮಸ್ಕಾರ.

ತೆರಿಗೆಕಟ್ಟುವವರೇ, ಪಂಚಾಯ್ತಿ ಬಗ್ಗೆ ನಿಮಗಿಂತ ಹೆಚ್ಚು ಅನುಮಾನ ಪಡಬೇಕಾದವನು ನಾನು. ಆದರೂ ಪಂಚಾಯ್ತಿ ಬೇಕು ಅಂತಲೇ ಹೇಳುತ್ತೇನೆ. ಮೀಸಲಾತಿ ಕೊಡುವ ಸಂವಿಧಾನದ 243 ಡಿ ವಿಧಿ ಬಂದ ಮೇಲೆ ಸದಸ್ಯ ಸ್ಥಾನವಷ್ಟೇ ಅಲ್ಲ, ಅಧ್ಯಕ್ಷ ಸ್ಥಾನವೂ ಸರದಿಯಲ್ಲಿ ನಮ್ಮ ಕೇರಿಗೆ ಬಂತು. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ತಮಿಳುನಾಡಿನ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಗೆದ್ದು ಅಧ್ಯಕ್ಷರಾದ ಮುರುಗೇಶನ್ ಅವರನ್ನು 1997ರಲ್ಲಿ ಬಸ್ಸು ತಡೆದು ಸಂಗಡಿಗರ ಸಮೇತ ಕೊಂದರು. ಅವರ ತಪ್ಪು ಗೆದ್ದದ್ದು. ನಮ್ಮಲ್ಲೂ ದಲಿತ ಅಧ್ಯಕ್ಷರಿಗೆ ಸ್ವಾತಂತ್ರ್ಯ ದಿನ ಬಾವುಟ ಹಾರಿಸಲು ಬಿಡದ ಸುದ್ದಿ ಬರುತ್ತಲೇ ಇರುತ್ತದೆ. ಇಷ್ಟೆಲ್ಲ ಆದರೂ ಒಮ್ಮೆ ಆ ಕುರ್ಚಿಯಲ್ಲಿ ಕೂತು ಬಂದವರ ಮಕ್ಕಳು ಊರಿನ ಬಾವಿಕಟ್ಟೆ ಹತ್ತಿರ ಬೇರೆ ರೀತಿ ನಿಲ್ಲುತ್ತಾರೆ. ನಾನು ಕಂಡಿದ್ದೇನೆ. ಅಂಬೇಡ್ಕರ್ ಕೇಳಿದ್ದ ರಕ್ಷಣೆ ಕೊಟ್ಟ ಮೇಲೆ ಪಂಚಾಯ್ತಿ ಬೇರೆಯದೇ ಆಯಿತು. ಇದನ್ನು ಅಧಿಕಾರಿಯ ಕೈಗೆ ವಾಪಸ್ ಕೊಡಿ ಅಂದರೆ ನಮ್ಮ ಕೈಗೆ ಬಂದ ಹೊತ್ತಿಗೇ ಕಿತ್ತುಕೊಂಡ ಹಾಗೆ.

ಕಾಸರಗೋಡುಕನ್ನಡ

ನಮ್ಮದು ಗಡಿಯ ಆಚೆ, ಆಡಳಿತ ಕೇರಳದ್ದು. ಭಾಷೆಯ ವಿಷಯದಲ್ಲಿ ನಮಗೆ ನೋವು ಇದೆ, ಅದು ಬೇರೆ. ಪಂಚಾಯ್ತಿಯ ವಿಷಯದಲ್ಲಿ ಇಲ್ಲಿಂದ ಕಲಿಯುವುದು ಉಂಟು. 1996ರಲ್ಲಿ ಇಲ್ಲಿ ಜನಕೀಯ ಯೋಜನೆ (ಊರಿನ ಯೋಜನೆಯನ್ನು ಜನರೇ ಮಾಡುವುದು) ಶುರುವಾಯಿತು. ರಾಜ್ಯದ ಯೋಜನಾ ವೆಚ್ಚದ ನೂರಕ್ಕೆ 35ರಿಂದ 40 ಪಾಲನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟುಕೊಟ್ಟರು. ಹಣ ಮೊದಲು ಕೊಟ್ಟು, ನಿಯಮ ಆಮೇಲೆ ಸರಿಮಾಡಿಕೊಂಡರು ಅಂತ ಹೇಳಬಹುದು. ಕರ್ನಾಟಕದಲ್ಲಿ ಕಾಯ್ದೆ ಚಂದ, ಹಣ ಬರುವಾಗ ಒಂದೊಂದು ರೂಪಾಯಿಯ ಮೇಲೂ ಚೀಟಿ ಅಂಟಿಸಿರುತ್ತದೆ.

ಇಲ್ಲಿ ಪಂಚಾಯ್ತಿ ದೊಡ್ಡದು, ಒಂದೊಂದರಲ್ಲಿ ಇಪ್ಪತ್ತು, ಮೂವತ್ತು ಸಾವಿರ ಜನ. ಹಾಗಾಗಿ ಕೃಷಿ ಭವನ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ ಪಂಚಾಯ್ತಿಗೇ ಸೇರಿಸಲಿಕ್ಕೆ ಆಯಿತು. ನಿಮ್ಮ ಹಳೆಯ ಮಂಡಲ 8,000ದಿಂದ 12,000 ಜನರದ್ದು. 1993ರ ಕಾಯ್ದೆಯಲ್ಲಿ ಅದನ್ನು ಒಡೆದು 5,000ದಿಂದ 7,000ಕ್ಕೆ ಇಳಿಸಿದ್ದು ನನಗೆ ಸರಿ ಕಾಣುವುದಿಲ್ಲ. ಸಣ್ಣದು ಮಾಡಿದಷ್ಟೂ ಸ್ವಂತ ಆದಾಯ ಕಡಿಮೆ, ತಾಲ್ಲೂಕಿನ ಬಾಗಿಲು ಕಾಯುವುದು ಹೆಚ್ಚು.

ನಿವೃತ್ತಮೇಷ್ಟ್ರು

ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮಂಡಲ ಕಚೇರಿಗೆ ಹೋಗಲು ಮಲೆನಾಡಿನ ಮುದುಕಿ ಅರ್ಧ ದಿನ ನಡೆಯಬೇಕಿತ್ತು. 400 ಜನಕ್ಕೆ ಒಬ್ಬ ಸದಸ್ಯ ಬಂದ ಮೇಲೆ ನಮ್ಮಲ್ಲಿ ಸಣ್ಣ ಸಣ್ಣ ಮಜರೆಗೂ ಪ್ರತಿನಿಧಿ ಸಿಕ್ಕಿದ. ಬಯಲುಸೀಮೆಗೂ ಮಲೆನಾಡಿಗೂ ಒಂದೇ ಅಳತೆ ಹಾಕಬಾರದು.

ಕೋರ್ಟುಕಟ್ಟೆ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಚುನಾವಣೆಯ ಪ್ರಶ್ನೆ ಎಲ್ಲರೂ ಕೇಳುತ್ತಿದ್ದಾರೆ.

ರಾಜೀವ್ ಗಾಂಧಿ ಸರ್ಕಾರ ತಂದ 64ನೇ ತಿದ್ದುಪಡಿ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ರಾಜ್ಯಗಳನ್ನು ಹಾದುಹೋಗಿ ದೆಹಲಿ ನೇರವಾಗಿ ಜಿಲ್ಲೆಗೆ ಕೈ ಹಾಕುತ್ತದೆ ಎಂಬ ಭಯ ವಿರೋಧ ಪಕ್ಷಗಳಿಗಿತ್ತು. 1992ರ ಡಿಸೆಂಬರಿನಲ್ಲಿ 73 ಮತ್ತು 74ನೇ ತಿದ್ದುಪಡಿಗಳಿಗೆ ಒಪ್ಪಿಗೆ ಸಿಕ್ಕಿತು. 73ನೆಯದು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕರ್ನಾಟಕದ ಹೊಸ ಕಾಯ್ದೆ ಮೇ 10ಕ್ಕೇ ಜಾರಿಯಾಯಿತು, ಆ ಚುರುಕು ಮೆಚ್ಚಬೇಕಾದದ್ದೇ.

ಈಗ ಸಂವಿಧಾನದ ವಿಧಿಗಳು. 243 ಇ: ಅವಧಿ ಐದು ವರ್ಷ, ಅದು ಮುಗಿಯುವ ಮುಂಚೆಯೇ ಚುನಾವಣೆ ಮುಗಿದಿರಬೇಕು. ಇಲ್ಲಿ 'ಬೇಕು' ಅಂತ ಇದೆ. 243 ಜಿ: 11ನೇ ಅನುಸೂಚಿಯ 29 ವಿಷಯಗಳ ಅಧಿಕಾರವನ್ನು ರಾಜ್ಯ ಶಾಸನಸಭೆ ಕಾನೂನು ಮಾಡಿ ಕೊಡ'ಬಹುದು'. ಅಂದರೆ ಚುನಾವಣೆ ಮಾಡುವುದು ಕಡ್ಡಾಯ, ಗೆದ್ದವರಿಗೆ ಕೆಲಸ ಕೊಡುವುದು ರಾಜ್ಯದ ಮರ್ಜಿ. ಮಾಜಿಅಧ್ಯಕ್ಷೆ ಮೇಡಂ ಹೇಳಿದ ಕಷ್ಟದ ಬೇರು ಇಲ್ಲಿದೆ. ಮೊದಲನೆಯದನ್ನಾದರೂ ಪಾಲಿಸುತ್ತಾರಾ ಅಂದರೆ ಅದೂ ಇಲ್ಲ. 2006ರಲ್ಲಿ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಧಿಯೊಳಗೆ ಚುನಾವಣೆ ಮುಗಿಸಲೇಬೇಕು ಎಂದಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೂ ಬಿಗಿಯಾಗಿ, ಕ್ಷೇತ್ರ ಮರುವಿಂಗಡಣೆಯಾಗಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಸಮೀಕ್ಷೆಯಾಗಲಿ ಮುಗಿದಿಲ್ಲ ಅಂತ ಚುನಾವಣೆ ಮುಂದೂಡುವ ಹಾಗಿಲ್ಲ ಎಂದಿತು. ಕರ್ನಾಟಕದಲ್ಲಿ 2021ರಲ್ಲಿ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಸರ್ಕಾರ ನೇಮಿಸಿದ ಬೇರೆ ಆಯೋಗಕ್ಕೆ ಕೊಟ್ಟರು. ಚುನಾವಣೆ ತಡವಾದದ್ದು ಅಲ್ಲಿಂದ. ಒಂದು ಪಕ್ಷವನ್ನು ಬೈದು ಪ್ರಯೋಜನವಿಲ್ಲ, ಆಮೇಲೆ ಸರ್ಕಾರ ಬದಲಾದರೂ ತಡ ಮುಂದುವರಿಯಿತು.

ಜಯನಗರವಾಸಿ

ಪಟ್ಟಣದವರ ಪಾಡೂ ಅಷ್ಟೇ. ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಐದು ವರ್ಷ ಆಡಳಿತಾಧಿಕಾರಿಯೇ ಬಜೆಟ್ ಮಂಡಿಸಿದರು. ಕಸದ ದೂರು ಹೇಳಲು ಕಾರ್ಪೊರೇಟರ್ ಇರಲಿಲ್ಲ, ಶಾಸಕರ ಕಚೇರಿಗೇ ಹೋಗಬೇಕಿತ್ತು.

ಹಳೇಕಡತ

ಜಯನಗರವಾಸಿ ಹೇಳಿದ ಕೊನೆಯ ಮಾತು ಮುಖ್ಯ. ಚುನಾಯಿತ ಸ್ಥಳೀಯ ಸಂಸ್ಥೆ ಇಲ್ಲದಾಗ ಆ ಜಾಗಕ್ಕೆ ಬರುವವರು ಅಧಿಕಾರಿ ಒಬ್ಬರೇ ಅಲ್ಲ, ಶಾಸಕರೂ ಸಂಸದರೂ ಬರುತ್ತಾರೆ. ಒಂದು ದಿನಾಂಕ ಗಮನಿಸಿ. 73ನೇ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 1992ರ ಡಿಸೆಂಬರ್ 22, 23ರಂದು. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಪ್ರಕಟವಾದದ್ದು 1993ರ ಡಿಸೆಂಬರ್ 23ರಂದು. ಸರಿಯಾಗಿ ಒಂದು ವರ್ಷಕ್ಕೆ! ಮೊದಲ ವರ್ಷ ಐದು ಲಕ್ಷ, ಆಮೇಲೆ ಒಂದು ಕೋಟಿ, ಎರಡು ಕೋಟಿ, 2011ರಿಂದ ಐದು ಕೋಟಿ. ಶಾಸಕರಿಗೂ ಅಂಥದ್ದೇ ನಿಧಿ ಬಂತು. ಸಮುದಾಯ ಭವನ, ಬಸ್ ತಂಗುದಾಣ, ಬೋರ್‌ವೆಲ್, ಅಂದರೆ ಪಂಚಾಯ್ತಿ ಮಾಡಬೇಕಾದ ಕೆಲಸಗಳೇ. ಸಂಸದರು ಶಿಫಾರಸು ಮಾಡಿದ ಕಾಮಗಾರಿಗೆ ಮಂಜೂರಾತಿ ಕೊಡುವುದು ಜಿಲ್ಲಾಧಿಕಾರಿ. ಸಂವಿಧಾನ ಒಂದು ಕೈಯಲ್ಲಿ ಊರಿಗೆ ಕೊಟ್ಟದ್ದನ್ನು ಈ ನಿಧಿ ಇನ್ನೊಂದು ಕೈಯಲ್ಲಿ ಜಿಲ್ಲಾಧಿಕಾರಿಯ ಮೇಜಿಗೆ ತಂದಿಟ್ಟಿತು.

ತೆರಿಗೆಕಟ್ಟುವವರಿಗೆ ನನ್ನ ಉತ್ತರ: ಪಂಚಾಯ್ತಿಯ ಕಳ್ಳತನ ಹಿಡಿಯಲು ದಾರಿ ಇದೆ. ವರ್ಷಕ್ಕೊಮ್ಮೆ ಲೆಕ್ಕವನ್ನು ಊರವರ ಮುಂದಿಡುವ ಜಮಾಬಂದಿ ನಡೆಯುತ್ತದೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಸಾಮಾಜಿಕ ಪರಿಶೋಧನೆ ಇದೆ, ಹೋಗಿ ಕಡತ ಕೇಳಬಹುದು. ಆ ಜೆಸಿಬಿ ಬಿಲ್ಲನ್ನು ನೀವು ನೋಡಿದ್ದು ಅದು ನಿಮ್ಮ ಊರಲ್ಲಿ ಆದದ್ದರಿಂದ. ಜಿಲ್ಲಾ ಕಚೇರಿಯಲ್ಲಿ ಆಗಿದ್ದರೆ ನಮಗ್ಯಾರಿಗೂ ಕಾಣುತ್ತಿರಲಿಲ್ಲ.

ತೆರಿಗೆಕಟ್ಟುವವ

ಜಮಾಬಂದಿಗೆ ನಾನು ಒಮ್ಮೆಯೂ ಹೋಗಿಲ್ಲ. ಅಲ್ಲಿ ಏನು ಕೇಳಬೇಕು, ಯಾರನ್ನು ಕೇಳಬೇಕು? ಕೇಳಿದರೆ ತೋರಿಸುತ್ತಾರಾ?

ಮಾಜಿಅಧ್ಯಕ್ಷೆ

ತೋರಿಸಲೇಬೇಕು ಅಣ್ಣಾ. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದು ಕೂರುತ್ತಾರೆ. ಹಿಂದಿನ ಆರ್ಥಿಕ ವರ್ಷದ ಕಾಮಗಾರಿ ಪಟ್ಟಿ, ಎಂ.ಬಿ. ಪುಸ್ತಕ (ಕಾಮಗಾರಿಯ ಅಳತೆ ಬರೆದದ್ದು), ನಗದು ಪುಸ್ತಕ ಎಲ್ಲ ಮೇಜಿನ ಮೇಲೆ ಇರಬೇಕು. ನೀವು ಒಂದೇ ಒಂದು ಚರಂಡಿ ಆರಿಸಿಕೊಳ್ಳಿ, ನಿಮ್ಮ ಮನೆ ಮುಂದಿನದ್ದೇ ಆಗಲಿ. ಅದರ ಉದ್ದ ಎಂ.ಬಿ. ಪುಸ್ತಕದಲ್ಲಿ ಎಷ್ಟು ಬರೆದಿದೆ ಅಂತ ಓದಿಸಿ, ಟೇಪು ತನ್ನಿ, ಎಲ್ಲರೂ ಎದ್ದು ಹೋಗಿ ಅಳೆಯೋಣ ಅನ್ನಿ. ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಹೋಗಿ. ನಾನು ಅಧ್ಯಕ್ಷೆ ಆಗಿದ್ದಾಗ ನನ್ನ ಕೆಲಸವನ್ನೂ ಹೀಗೇ ಅಳೆದರು. ಅಳತೆ ಸರಿ ಬಂತು, ಆಮೇಲೆ ಆ ಬೀದಿಯವರು ಕಂದಾಯ ಕಟ್ಟಿದರು.

ಬೆಳ್ವಲ

ಅಕ್ಕಾರ, ಇದನ್ನ ನಾ ಬರಕೊಂಡೆ. ನಮ್ಮ ಊರಾಗ ಜಮಾಬಂದಿ ಆದಾಗ ಟೇಪು ನಾನ ತರತೀನಿ.

ಮೇಷ್ಟ್ರ, ನಿಮ್ಮ ಕಡೆ ಹಳೇ ಮಂಡಲ ಪಂಚಾಯ್ತಿಯ ನಡಾವಳಿ ಪುಸ್ತಕ ಉಳದಾವೇನ್ರಿ? ನಮ್ಮ ತಾಲ್ಲೂಕಿನಾಗ ಕಚೇರಿ ಬದಲಾದಾಗ ರದ್ದಿಗೆ ಹಾಕಿದ್ರಂತ.

ನಿವೃತ್ತಮೇಷ್ಟ್ರು

ನಮ್ಮ ಪ್ರಧಾನರ ಮನೆಯ ಅಟ್ಟದಲ್ಲಿ ಎರಡು ಪುಸ್ತಕ ಇದೆ ಅಂತ ಅವರ ಮಗಳು ಹೇಳಿದ್ದಳು. ಅದೇ ಮೂರನೇ ಕ್ಲಾಸಿನ ಹುಡುಗಿ, ಈಗ ನರ್ಸ್. ಮುಂದಿನ ಭಾನುವಾರ ಹೋಗಿ ಫೋಟೋ ತೆಗೆದು ಹಾಕುತ್ತೇನೆ. ಓದುಗ್ರಿ, ನೀನು ಟೈಪ್ ಮಾಡಿ ಕೊಡುವೆಯಾದರೆ ಹೇಳು.

ಓದುಗ್ರಿ

ಕಳಿಸಿ ಮೇಷ್ಟ್ರೇ, ಪರೀಕ್ಷೆ ಮುಗಿದ ತಕ್ಷಣ ಶುರು ಮಾಡುತ್ತೇನೆ.